ಜ್ವರ ಬಿಟ್ಟ ಮೇಲೂ ಉಳಿಯುವುದು: ಮಲೇರಿಯಾಕ್ಕೆ ಹೊಸ ಔಷಧ ಹುಡುಕುವ ಕೆಲಸ

(ಮಂಗಳೂರಿನಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಪಾಲೆ ಮರದ ಕೆತ್ತೆ ತರುತ್ತೇವೆ. ಅದನ್ನು ಜಜ್ಜಿ ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಹಾಕಿ, ಬರಿಹೊಟ್ಟೆಗೆ ಕುಡಿಯುತ್ತೇವೆ. ಆಮೇಲೆ ಮೆಂತೆ ಗಂಜಿ. ತುಳುನಾಡಿನ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ಇದು ಹಾಲೆ ಮರ, ಸಂಸ್ಕೃತದಲ್ಲಿ ಸಪ್ತಪರ್ಣ, ಸಸ್ಯಶಾಸ್ತ್ರದಲ್ಲಿ ಆಲ್‌ಸ್ಟೋನಿಯಾ ಸ್ಕಾಲರಿಸ್. ಇದರ ತೊಗಟೆಯನ್ನು ಚಳಿಜ್ವರಕ್ಕೆ ಕೊಡುವ ರೂಢಿ ಇಲ್ಲಿಂದ ಫಿಲಿಪೈನ್ಸ್‌ವರೆಗೂ ಇತ್ತು. 19ನೇ ಶತಮಾನದಲ್ಲಿ ಕ್ವಿನೀನ್‌ಗೆ ಬದಲಿಯಾದೀತೇ ಎಂದು ಇದನ್ನು ಪರೀಕ್ಷಿಸಿದವರೂ ಇದ್ದಾರೆ. ಆದರೆ ಪ್ರಯೋಗಾಲಯದಲ್ಲಿ ಮಲೇರಿಯಾ ಪರಾವಲಂಬಿಯ ಎದುರು ಈ ತೊಗಟೆ ತೋರಿಸಿದ ಶಕ್ತಿ ತೀರಾ ಕಡಿಮೆ.

ಇನ್ನೊಂದು ಮಾತು ನಿಮಗೆ ಗೊತ್ತಿರುವುದೇ. ಕತ್ತಲಲ್ಲಿ ಕೆತ್ತೆ ತರುವವರು ಮರ ತಪ್ಪಿ ಕಾಸರಕನ ತೊಗಟೆ ತಂದರೆ ಜೀವಕ್ಕೇ ಅಪಾಯ, ಏಕೆಂದರೆ ಅದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷವಿದೆ. ಸರಿಯಾದ ಮರ ಯಾವುದು, ಅದರೊಳಗಿನ ಯಾವ ಅಂಶ ಕೆಲಸ ಮಾಡುತ್ತದೆ, ಎಷ್ಟು ಕೊಡಬೇಕು, ಯಾರಿಗೆ ಕೊಡಲೇಬಾರದು? ಹೊಸ ಔಷಧ ತಯಾರಿಸುವ ಹತ್ತು ಹದಿನೈದು ವರ್ಷಗಳ ಕೆಲಸವೆಲ್ಲ ಈ ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ.

ಮಲೇರಿಯಾದ ಎರಡು ದೊಡ್ಡ ಔಷಧ ಕುಟುಂಬಗಳು ಗಿಡಮರಗಳಿಂದಲೇ ಬಂದವು. ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಪೆಲೆಟಿಯೆ ಮತ್ತು ಕಾವಂತೂ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರು ಕ್ವಿನೀನ್ ಬೇರ್ಪಡಿಸಿದರು. ಚೀನಾದಲ್ಲಿ 1967ರ ಮೇ 23ರಂದು ಆರಂಭವಾದ, ಮಲೇರಿಯಾ ಔಷಧ ಹುಡುಕುವ '523' ಎಂಬ ಯೋಜನೆಯಲ್ಲಿ ತು ಯೂಯೂ ಅವರ ತಂಡ ಆರ್ಟಿಮಿಸಿಯಾ ಗಿಡದ ಸಾರ ತೆಗೆಯುತ್ತಿತ್ತು, ಆದರೆ ಫಲಿತಾಂಶ ಒಮ್ಮೆ ಬಂದರೆ ಇನ್ನೊಮ್ಮೆ ಬರುತ್ತಿರಲಿಲ್ಲ. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಬರೆದಿಟ್ಟಿದ್ದ ಕ್ರಮದಲ್ಲಿ ಸೊಪ್ಪನ್ನು ಕುದಿಸುವ ಮಾತೇ ಇರಲಿಲ್ಲ. ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಎಂದಷ್ಟೇ ಇತ್ತು. ಹಾಗಾದರೆ ಕುದಿಸಿದಾಗ ಸತ್ವವೇ ಹಾಳಾಗುತ್ತಿರಬೇಕು ಎಂದು ಊಹಿಸಿ, ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೇ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿ ಅಡಗಿಸಿತು. ಆರ್ಟಿಮಿಸಿನಿನ್ ಎಂಬ ಆ ಅಣುವಿನೊಳಗೆ ಎರಡು ಆಮ್ಲಜನಕಗಳ ನಡುವಿನ ಪೆರಾಕ್ಸೈಡ್ ಸೇತುವೆಯೊಂದಿದೆ, ಔಷಧದ ಜೀವಾಳವೇ ಅದು.

ಒಂದು ಲಕ್ಷ ಕೋಟಿಯ ಲೆಕ್ಕ

ಔಷಧದ ಮಾತಿಗೆ ಮುನ್ನ ಎದುರಾಳಿಯ ಸಂಖ್ಯೆ ತಿಳಿದಿರಬೇಕು. ಸೊಳ್ಳೆ ಕಚ್ಚಿದಾಗ ದೇಹಕ್ಕೆ ಇಳಿಯುವುದು ಪರಾವಲಂಬಿಯ ಮೊದಲ ರೂಪವಾದ ಕೆಲವೇ ಹತ್ತು ಸ್ಪೋರೋಜೋಯಿಟ್‌ಗಳು. ಅವು ಅರ್ಧ ಗಂಟೆ, ಒಂದು ಗಂಟೆಯಲ್ಲಿ ಲಿವರ್ ಸೇರುತ್ತವೆ. ಅಲ್ಲಿ ಸುಮಾರು ಒಂದು ವಾರ ಸದ್ದಿಲ್ಲದೆ ಬೆಳೆದು, ಸಾವಿರ ಸಾವಿರವಾಗಿ ಒಡೆದು ರಕ್ತಕ್ಕೆ ಬರುತ್ತವೆ. ಆಮೇಲೆ 48 ಗಂಟೆಗೊಮ್ಮೆ ಕೆಂಪು ರಕ್ತಕಣಗಳನ್ನು ಒಡೆದು ಹೊರಬಂದು ಹೊಸ ಕಣಗಳನ್ನು ಹೊಗುತ್ತವೆ. ನಮಗೆ ಚಳಿ ಬಂದು ನಡುಗುವುದು ಈ ಒಡೆಯುವ ಹೊತ್ತಿಗೆ.

ಸೂಕ್ಷ್ಮದರ್ಶಕದಲ್ಲಿ ರಕ್ತದ ಸ್ಲೈಡ್ ನೋಡುವವರಿಗೆ ಒಂದು ಮೈಕ್ರೋಲೀಟರಿನಲ್ಲಿ 50 ಪರಾವಲಂಬಿಗಳಿದ್ದರೆ ಹೆಚ್ಚುಕಡಿಮೆ ಕಾಣಿಸುತ್ತದೆ. ಐದು ಲೀಟರ್ ರಕ್ತವಿರುವ ಮನುಷ್ಯನಲ್ಲಿ ಹಾಗೆಂದರೆ 25 ಕೋಟಿ. ಸ್ಲೈಡಿನಲ್ಲಿ ಏನೂ ಕಾಣಲಿಲ್ಲ ಎಂದರೂ ಮೈಯಲ್ಲಿ ಹತ್ತು ಕೋಟಿ ಇರಬಹುದು. ಪರಾವಲಂಬಿಗಳಲ್ಲಿ ಅತಿ ಅಪಾಯಕಾರಿ ಬಗೆಯಾದ ಫಾಲ್ಸಿಪ್ಯಾರಂನ ಜೋರು ಮಲೇರಿಯಾದಲ್ಲಿ ಈ ಸಂಖ್ಯೆ ಒಂದು ಲಕ್ಷ ಕೋಟಿಗೆ ಏರುತ್ತದೆ.

ನಮ್ಮಲ್ಲಿರುವ ಅತಿ ವೇಗದ ಔಷಧ ಆರ್ಟಿಮಿಸಿನಿನ್ ಒಂದು 48 ಗಂಟೆಯ ಚಕ್ರದಲ್ಲಿ ಪರಾವಲಂಬಿಗಳನ್ನು ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಒಂದು ಲಕ್ಷ ಕೋಟಿ ಮೊದಲ ಚಕ್ರದಲ್ಲಿ ಹತ್ತು ಕೋಟಿಯಾಗುತ್ತದೆ. ಸ್ಲೈಡ್ ಆಗಲೇ ಸ್ವಚ್ಛ, ಜ್ವರವೂ ಇಳಿದಿರುತ್ತದೆ. ಎರಡನೆಯ ಚಕ್ರದಲ್ಲಿ ಹತ್ತು ಸಾವಿರ. ಕೊನೆಯದನ್ನು ಮುಗಿಸಲು ಮೂರನೆಯ ಚಕ್ರ ಬೇಕು, ಅಂದರೆ ಒಟ್ಟು ಆರು ದಿನ. ಆದರೆ ಆರ್ಟಿಮಿಸಿನಿನ್ ಕುಟುಂಬದ ಔಷಧಗಳು ರಕ್ತದಲ್ಲಿ ಉಳಿಯುವುದು ಕೆಲವೇ ಗಂಟೆ, ಕೋರ್ಸು ಮೂರೇ ದಿನ. ಉಳಿದವನ್ನು ಕೊಲ್ಲಲು ದಿನಗಟ್ಟಲೆ ರಕ್ತದಲ್ಲಿ ನಿಲ್ಲುವ ಜೊತೆಗಾರ ಔಷಧ ಬೇಕೇ ಬೇಕು. ಎಸಿಟಿ ಎನ್ನುವ ಜೋಡಿ ಮಾತ್ರೆಗಳು ಹುಟ್ಟಿದ್ದು ಈ ಲೆಕ್ಕದಿಂದ. ಆರ್ಟಿಮೀಥರ್ ಜೊತೆ ಲೂಮಿಫ್ಯಾಂಟ್ರಿನ್ ಇರುವ ಮಾತ್ರೆಯನ್ನು 35 ಕಿಲೋಗಿಂತ ಹೆಚ್ಚು ತೂಕದವರಿಗೆ ಹೊತ್ತಿಗೆ ನಾಲ್ಕರಂತೆ, ದಿನಕ್ಕೆ ಎರಡು ಹೊತ್ತು, ಮೂರು ದಿನ ಕೊಡುತ್ತಾರೆ. ಎರಡನೆಯ ಹೊತ್ತಿನದು ಮೊದಲಿನದರ ಎಂಟು ಗಂಟೆಗೆ ಬೀಳಬೇಕು. ಲೂಮಿಫ್ಯಾಂಟ್ರಿನ್ ಕೊಬ್ಬಿನಲ್ಲಿ ಕರಗುವಂಥದ್ದು. ಜ್ವರದ ಬಾಯಿಗೆ ರುಚಿಯಿಲ್ಲವೆಂದು ಬರೀ ತಿಳಿಗಂಜಿಯ ಮೇಲೆ ನುಂಗಿದರೆ ಅದು ಮೈಗೆ ಹತ್ತುವುದೇ ಇಲ್ಲ. ಒಂದು ಲೋಟ ಹಾಲು ಅಥವಾ ಸ್ವಲ್ಪ ಎಣ್ಣೆ, ತೆಂಗಿನಕಾಯಿ ಇರುವ ಊಟದ ಜೊತೆ ತೆಗೆದುಕೊಂಡರೆ ಹೀರಿಕೆ ಹಲವು ಪಟ್ಟು ಹೆಚ್ಚುತ್ತದೆ. ಔಷಧ ಸೋತಿತು ಎಂದು ವರದಿಯಾಗುವ ಪ್ರಕರಣಗಳಲ್ಲಿ ಒಂದು ಪಾಲು ಊಟ ಸೋತಿರುವುದು.

ತಟ್ಟೆಯಿಂದ ಮಾತ್ರೆಗೆ

ಈಗ ಹೊಸ ಅಣು ಹುಡುಕುವುದು ಹೇಗೆಂದು ನೋಡೋಣ. ಟ್ರೇಗರ್ ಮತ್ತು ಜೆನ್ಸನ್ 1976ರಲ್ಲಿ ಫಾಲ್ಸಿಪ್ಯಾರಂ ಅನ್ನು ಮನುಷ್ಯನ ಮೈಯ ಹೊರಗೆ, ಗಾಜಿನ ಪಾತ್ರೆಯಲ್ಲಿ ನಿರಂತರವಾಗಿ ಬೆಳೆಸುವ ದಾರಿ ಕಂಡುಹಿಡಿದರು. ಇವತ್ತಿಗೂ ಅದೇ ಕ್ರಮ: ಆರ್‌ಪಿಎಂಐ 1640 ಎಂಬ ಪೋಷಕ ದ್ರವ, ಅದರಲ್ಲಿ ಮನುಷ್ಯನ ಕೆಂಪು ರಕ್ತಕಣ, 37 ಡಿಗ್ರಿ ಬಿಸಿ, ಆಮ್ಲಜನಕ ಸುಮಾರು ಶೇ. 5 ಮಾತ್ರ. ಹೊರಗಿನ ಗಾಳಿಯ ಶೇ. 21 ಆಮ್ಲಜನಕ ಇದಕ್ಕೆ ಒಗ್ಗುವುದಿಲ್ಲ.

384 ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯ ಒಂದೊಂದು ಗುಳಿಗೂ ಒಂದೊಂದು ಸಂಯುಕ್ತ ಹಾಕಿ, ಸೋಂಕು ತಗಲಿದ ರಕ್ತ ಸುರಿದು, 72 ಗಂಟೆ ಬಿಡುತ್ತಾರೆ. ಆಮೇಲೆ ಡಿಎನ್‌ಎಗೆ ಅಂಟಿ ಹೊಳೆಯುವ ಸೈಬರ್ ಗ್ರೀನ್ ಬಣ್ಣ ಹಾಕುತ್ತಾರೆ. ಬಲಿತ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಡಿಎನ್‌ಎಯೂ ಇಲ್ಲ. ಆದ್ದರಿಂದ ಗುಳಿಯಲ್ಲಿ ಹಸಿರು ಹೊಳೆದರೆ ಅದು ಪರಾವಲಂಬಿಯದೇ. ಹೊಳಪು ಕುಗ್ಗಿದ ಗುಳಿಯ ಅಣುವನ್ನು ಎತ್ತಿಟ್ಟುಕೊಳ್ಳುತ್ತಾರೆ. ಒಂದು ಮೈಕ್ರೋಮೋಲಾರ್‌ಗಿಂತ ಕಡಿಮೆ ಸಾಂದ್ರತೆಯಲ್ಲೇ ಅರ್ಧದಷ್ಟು ಬೆಳವಣಿಗೆ ತಡೆದರೆ ಮುಂದಿನ ಹಂತಕ್ಕೆ ಅರ್ಹ.

ಇಲ್ಲಿ ಮೋಸ ಹೋಗಲು ದಾರಿಗಳು ಬೇಕಾದಷ್ಟಿವೆ. ತಟ್ಟೆಯ ಅಂಚಿನ ಗುಳಿಗಳಲ್ಲಿ ನೀರು ಆವಿಯಾಗಿ ಪರಾವಲಂಬಿ ತಾನಾಗಿ ಸಾಯುತ್ತದೆ, ಔಷಧ ಕೊಂದಂತೆ ಕಾಣುತ್ತದೆ. ಸಾಬೂನಿನ ಗುಣವಿರುವ ಸಂಯುಕ್ತ ರಕ್ತಕಣವನ್ನೇ ಒಡೆದುಬಿಟ್ಟಿರುತ್ತದೆ. ಇದಕ್ಕೆಂದೇ ಅದೇ ಅಣುವನ್ನು ಮನುಷ್ಯನ ಲಿವರ್ ಕೋಶಗಳ ಮೇಲೂ ಹಾಕಿ ನೋಡಬೇಕು, ಅವೂ ಸತ್ತರೆ ಅದು ಔಷಧವಲ್ಲ, ಬರೀ ವಿಷ. ಇದಕ್ಕೆ ತದ್ವಿರುದ್ಧದ ತಪ್ಪೂ ಆಗುತ್ತದೆ. ಡಾಕ್ಸಿಸೈಕ್ಲಿನ್‌ನಂಥ ಔಷಧದ ಏಟು ಮರಿ ಪರಾವಲಂಬಿಗಳ ಮೇಲೆ, ಎರಡನೆಯ ಚಕ್ರದಲ್ಲಿ ಬೀಳುತ್ತದೆ. 72 ಗಂಟೆಗೇ ತಟ್ಟೆ ಓದಿದರೆ ಒಳ್ಳೆಯ ಅಣು ಕಸದ ಬುಟ್ಟಿಗೆ ಹೋದೀತು.

2010ರಲ್ಲಿ ಜಿಎಸ್‌ಕೆ ಕಂಪನಿ ತನ್ನಲ್ಲಿದ್ದ ಸುಮಾರು 20 ಲಕ್ಷ ಸಂಯುಕ್ತಗಳನ್ನು ಹೀಗೆ ಸೋಸಿ, ಕೆಲಸ ಮಾಡಿದ 13,533 ಅಣುಗಳ ರಚನೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಇದು ದೊಡ್ಡ ಮನಸ್ಸಿನ ಕೆಲಸ ಎಂದು ನನಗೆ ಈಗಲೂ ಅನಿಸುತ್ತದೆ. ಇಷ್ಟು ಅಣುಗಳಿದ್ದರೂ ಮಾತ್ರೆಗಳು ಏಕೆ ಬರಲಿಲ್ಲ? ತಟ್ಟೆಯಲ್ಲಿ ಪರಾವಲಂಬಿಯನ್ನು ಕೊಲ್ಲುವುದು ಸುಲಭದ ಭಾಗ. ಆ ಅಣು ನೀರಿನಲ್ಲಿ ಕರಗಬೇಕು, ಹೊಟ್ಟೆಯಿಂದ ರಕ್ತಕ್ಕೆ ಹೋಗಬೇಕು, ಲಿವರ್ ಅದನ್ನು ಗಂಟೆಯೊಳಗೆ ಒಡೆದು ಹಾಕಬಾರದು, ಹೃದಯದ ಬಡಿತದ ಲಯ ಕೆಡಿಸಬಾರದು. ಹ್ಯಾಲೊಫ್ಯಾಂಟ್ರಿನ್ ಎಂಬ ಔಷಧ ಮಾರುಕಟ್ಟೆಗೆ ಬಂದ ಮೇಲೆ ಬಿದ್ದದ್ದು ಈ ಹೃದಯದ ಕಾರಣಕ್ಕೆ. ಗರ್ಭಿಣಿಯರಿಗೂ ಮಕ್ಕಳಿಗೂ ಕೊಡುವಂತಿರಬೇಕು. ಬೆಲೆ ಒಂದು ಊಟದ ದುಡ್ಡಿಗಿಂತ ಹೆಚ್ಚಿರಬಾರದು. 30 ಡಿಗ್ರಿ ಬಿಸಿ, ಶೇ. 75 ತೇವಾಂಶದಲ್ಲಿ ತಿಂಗಳುಗಟ್ಟಲೆ ಇಟ್ಟರೂ ಕೆಡಬಾರದು. ಜುಲೈ ತಿಂಗಳ ಮಂಗಳೂರಿನಲ್ಲಿ ಹಪ್ಪಳ, ಬೆಲ್ಲ ಏನಾಗುತ್ತದೆಂದು ಬಲ್ಲವರಿಗೆ ಈ ಕೊನೆಯ ಷರತ್ತು ಏಕೆ ಬೇಕೆಂದು ಹೇಳಬೇಕಾಗಿಲ್ಲ.

ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. ಗಿಡದ ಹಂಗಿಲ್ಲದೆ ಕಾರ್ಖಾನೆಯಲ್ಲೇ ಪೆರಾಕ್ಸೈಡ್ ಸೇತುವೆ ಕಟ್ಟಿದ ಅಣು ಆರ್ಟಿರೊಲೇನ್. ಜಿನೀವಾದ ಎಂಎಂವಿ ಎಂಬ ಲಾಭರಹಿತ ಸಂಸ್ಥೆ ಮತ್ತು ಭಾರತದ ರಾನ್‌ಬ್ಯಾಕ್ಸಿ ಕಂಪನಿ ಕೂಡಿ ಇದನ್ನು ಬೆಳೆಸಿದವು. ಆರೋಗ್ಯವಂತರ ರಕ್ತದಲ್ಲಿ ಇದರ ಮಟ್ಟ ಚೆನ್ನಾಗಿತ್ತು, ಮಲೇರಿಯಾ ರೋಗಿಗಳ ರಕ್ತದಲ್ಲಿ ಕುಸಿಯಿತು. ಪರಾವಲಂಬಿಯನ್ನು ಕೊಲ್ಲಲು ಕಬ್ಬಿಣದ ಸಂಪರ್ಕದಲ್ಲಿ ಒಡೆಯಬೇಕಾದ ಅಣು, ಸೋಂಕಿದ ರಕ್ತದಲ್ಲಿ ಗುರಿ ಮುಟ್ಟುವ ಮೊದಲೇ ಒಡೆಯುತ್ತಿತ್ತು. 2007ರಲ್ಲಿ ಎಂಎಂವಿ ಹಿಂದೆ ಸರಿಯಿತು. ರಾನ್‌ಬ್ಯಾಕ್ಸಿ ಬಿಡಲಿಲ್ಲ. ಪೈಪೆರಾಕ್ವಿನ್ ಜೊತೆಗೂಡಿಸಿ, 150 ಮಿಲಿಗ್ರಾಂಗೆ 750 ಮಿಲಿಗ್ರಾಂ ಲೆಕ್ಕದಲ್ಲಿ, ದಿನಕ್ಕೊಂದರಂತೆ ಮೂರೇ ಮಾತ್ರೆಯ ಕೋರ್ಸಾಗಿ 2012ರ ಏಪ್ರಿಲ್ 25ರಂದು ಹೊರತಂದಿತು. ಒಂದು ಅಣು ಆರೋಗ್ಯವಂತರ ಪರೀಕ್ಷೆ ದಾಟಿದ ಮಾತ್ರಕ್ಕೆ ರೋಗಿಯ ಮೈಯಲ್ಲೂ ಹಾಗೇ ನಡೆದುಕೊಳ್ಳುತ್ತದೆ ಎನ್ನುವಂತಿಲ್ಲ ಎಂದು ಇದರಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಕರಣ ಇನ್ನೊಂದಿಲ್ಲ.

ಹೊಸದು ಏಕೆ ಬೇಕು ಎಂಬುದಕ್ಕೆ ಉತ್ತರ ಔಷಧ ನಿರೋಧಕತೆ. 1934ರಲ್ಲಿ ಹುಟ್ಟಿದ ಕ್ಲೋರೋಕ್ವಿನ್‌ಗೆ 1950ರ ದಶಕದ ಕೊನೆಯಲ್ಲೇ ಥಾಯ್ಲೆಂಡ್-ಕಾಂಬೋಡಿಯಾ ಗಡಿಯಲ್ಲಿ ಫಾಲ್ಸಿಪ್ಯಾರಂ ಬಗ್ಗದಾಯಿತು, 1973ರಲ್ಲಿ ಅಸ್ಸಾಂನಲ್ಲಿ ಕಾಣಿಸಿತು. ಪರಾವಲಂಬಿ ರಕ್ತಕಣದೊಳಗೆ ಹಿಮೋಗ್ಲೋಬಿನ್ ತಿಂದು, ಉಳಿದ ವಿಷಕಾರಿ ಹೀಮ್ ಅನ್ನು ಕಪ್ಪು ಹರಳು ಮಾಡಿ ತನ್ನೊಳಗಿನ ಒಂದು ಕೋಣೆಯಲ್ಲಿ ಬದಿಗಿಡುತ್ತದೆ. ಕ್ಲೋರೋಕ್ವಿನ್ ಆ ಹರಳು ಕಟ್ಟಲು ಬಿಡುವುದಿಲ್ಲ, ಪರಾವಲಂಬಿ ತನ್ನ ಕಸದಲ್ಲೇ ಸಾಯುತ್ತದೆ. ನಿರೋಧಕ ತಳಿ ಮಾಡಿದ್ದು ಇಷ್ಟೇ: ಆ ಕೋಣೆಯ ಗೋಡೆಯ ಒಂದು ಪ್ರೋಟೀನ್ ಬದಲಿಸಿಕೊಂಡು ಔಷಧವನ್ನು ಹೊರಕ್ಕೆ ತಳ್ಳಿತು. ಆರ್ಟಿಮಿಸಿನಿನ್‌ಗೂ 2008ರ ಸುಮಾರಿಗೆ ಪಶ್ಚಿಮ ಕಾಂಬೋಡಿಯಾದಲ್ಲಿ ಅರ್ಧ ನಿರೋಧ ಶುರುವಾಯಿತು, ಈಗ ರುವಾಂಡ, ಉಗಾಂಡಗಳಲ್ಲೂ ಇದೆ. ಇದಕ್ಕೆ ಎದುರಾಗಿ ಬಂದಿರುವ ಹೊಸ ಹೆಸರು ಗನಾಪ್ಲಾಸೈಡ್. ಲೂಮಿಫ್ಯಾಂಟ್ರಿನ್ ಜೊತೆ ದಿನಕ್ಕೊಂದು ಪೊಟ್ಟಣದಂತೆ ಮೂರು ದಿನ ಕೊಡುವ ಈ ಔಷಧವನ್ನು ರೋಗಿಗಳಲ್ಲಿ ಪರೀಕ್ಷಿಸಿದ ಮೂರನೇ ಹಂತದ ಫಲಿತಾಂಶ 2025ರ ನವೆಂಬರ್‌ನಲ್ಲಿ ಬಂತು. ಆಫ್ರಿಕಾದ 12 ದೇಶಗಳ ರೋಗಿಗಳಲ್ಲಿ ಶೇ. 97.4 ಗುಣ, ಹಳೆಯ ಜೋಡಿ ಮಾತ್ರೆಯಲ್ಲಿ ಶೇ. 94.0. ಬಹಳ ವರ್ಷಗಳ ನಂತರ ಬಂದ ನಿಜವಾದ ಒಳ್ಳೆಯ ಸುದ್ದಿಯಿದು.

ಮಂಗಳೂರಿನ ಪ್ರಶ್ನೆ ಬೇರೆ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಫಾಲ್ಸಿಪ್ಯಾರಂ ಕುರಿತದ್ದು. ಜಗತ್ತಿನ ದುಡ್ಡೂ ಗಮನವೂ ಅತ್ತ ಇರುವುದು ನ್ಯಾಯವೇ. 2023ರಲ್ಲಿ ಮಲೇರಿಯಾದಿಂದ ಸತ್ತ 5.97 ಲಕ್ಷ ಜನರಲ್ಲಿ ಬಹುಪಾಲು ಆಫ್ರಿಕಾದ ಪುಟ್ಟ ಮಕ್ಕಳು. ಆದರೆ ಮಂಗಳೂರು, ಉಡುಪಿಯ ಮಲೇರಿಯಾದಲ್ಲಿ ಹೆಚ್ಚಿನ ಪಾಲು ವೈವಾಕ್ಸ್ ಎಂಬ ಇನ್ನೊಂದು ಬಗೆಯ ಪರಾವಲಂಬಿಯದು. ಹರಡುವುದು ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಪೇಟೆಯ ಸೊಳ್ಳೆ. ಕಟ್ಟಡದ ಸ್ಲ್ಯಾಬಿನ ಮೇಲೆ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ, ಮುಚ್ಚಳವಿಲ್ಲದ ಟ್ಯಾಂಕ್, ಬಳಸದ ಬಾವಿ ಅದಕ್ಕೆ ಸಾಕು. 2015ರಿಂದ ಪ್ರತಿ ಪ್ರಕರಣವನ್ನೂ ಟ್ಯಾಬ್‌ನಲ್ಲಿ ದಾಖಲಿಸಿ ಮನೆ ಬಾಗಿಲಿಗೆ ಹೋಗುವ ವ್ಯವಸ್ಥೆ ಮಂಗಳೂರಿನಲ್ಲಿ ಬಂದ ಮೇಲೆ ರೋಗ ಬಹಳ ಇಳಿದಿದೆ. ಇಳಿದಿದೆ, ಆದರೆ ಬೇರು ಹೋಗಿಲ್ಲ. ಏಕೆಂದರೆ ಆ ಬೇರು ಇರುವುದು ಜನರ ಲಿವರ್‌ನಲ್ಲಿ.

ವೈವಾಕ್ಸ್‌ನ ಕೆಲವು ಸ್ಪೋರೋಜೋಯಿಟ್‌ಗಳು ಲಿವರ್ ಸೇರಿದ ಮೇಲೆ ಬೆಳೆಯುವುದೇ ಇಲ್ಲ, ಮಲಗಿಬಿಡುತ್ತವೆ. ಇವೇ ಹಿಪ್ನೋಜೋಯಿಟ್‌ಗಳು. ವಾರಗಳು ಅಥವಾ ತಿಂಗಳುಗಳ ನಂತರ ಒಂದೊಂದಾಗಿ ಎದ್ದು ಮತ್ತೆ ಜ್ವರ ತರುತ್ತವೆ. ಹೊಸ ಸೊಳ್ಳೆ ಕಚ್ಚಬೇಕಾಗಿಯೇ ಇಲ್ಲ. ರಕ್ತಪರೀಕ್ಷೆಯಲ್ಲಿ ಇವು ಸಿಗುವುದಿಲ್ಲ, ಸ್ಕ್ಯಾನಿಂಗ್‌ನಲ್ಲೂ ಕಾಣುವುದಿಲ್ಲ. ಯಾರ ಲಿವರ್‌ನಲ್ಲಿ ಎಷ್ಟಿವೆ ಎಂದು ಹೇಳುವ ಪರೀಕ್ಷೆ ಇವತ್ತಿಗೂ ಇಲ್ಲ. ಇನ್ನೊಂದು ತೊಡಕೂ ಇದೆ. ಸೊಳ್ಳೆಗೆ ದಾಟುವ ಗ್ಯಾಮಿಟೋಸೈಟ್‌ಗಳು ಫಾಲ್ಸಿಪ್ಯಾರಂನಲ್ಲಿ ತಯಾರಾಗಲು ಹತ್ತು ಹನ್ನೆರಡು ದಿನ ಬೇಕಾದರೆ ವೈವಾಕ್ಸ್‌ನಲ್ಲಿ ಜ್ವರದ ಜೊತೆಗೇ, ಕೆಲವೊಮ್ಮೆ ಜ್ವರಕ್ಕೂ ಮೊದಲೇ ಇರುತ್ತವೆ. ರೋಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಸೊಳ್ಳೆಗೆ ದಾನವಾಗಿ ಆಗಿರುತ್ತದೆ.

ಭಾರತದಲ್ಲಿ ವೈವಾಕ್ಸ್‌ಗೆ ಎರಡು ಔಷಧ. ದೊಡ್ಡವರಿಗೆ ಕ್ಲೋರೋಕ್ವಿನ್ 250 ಮಿಲಿಗ್ರಾಂ ಮಾತ್ರೆ, ಮೂರು ದಿನಗಳಲ್ಲಿ 4, 4, 2. ಇದು ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಜ್ವರ ಹೋಗುತ್ತದೆ. ಮಲಗಿದವುಗಳಿಗೆ ಪ್ರೈಮಾಕ್ವಿನ್, ಕಿಲೋಗೆ 0.25 ಮಿಲಿಗ್ರಾಂ ಲೆಕ್ಕದಲ್ಲಿ, ದೊಡ್ಡವರಿಗೆ ದಿನಕ್ಕೆ 15 ಮಿಲಿಗ್ರಾಂ, 14 ದಿನ. ಗರ್ಭಿಣಿಯರಿಗೆ, ಒಂದು ವರ್ಷದೊಳಗಿನ ಮಕ್ಕಳಿಗೆ ಪ್ರೈಮಾಕ್ವಿನ್ ಇಲ್ಲ. 1952ರಲ್ಲಿ ಅನುಮತಿ ಪಡೆದ ಔಷಧವಿದು. ಎಪ್ಪತ್ತು ವರ್ಷ ದಾಟಿದರೂ ಅದೇ ಕುಟುಂಬದ ಒಂದು ಅಣು ಬಿಟ್ಟರೆ ಹಿಪ್ನೋಜೋಯಿಟ್ ಕೊಲ್ಲುವ ಬೇರೆ ಔಷಧವನ್ನು ನಾವು ಕಂಡುಹಿಡಿದಿಲ್ಲ.

ಏಕೆ ಎಂದರೆ ವೈವಾಕ್ಸ್ ಅನ್ನು ಪಾತ್ರೆಯಲ್ಲಿ ನಿರಂತರವಾಗಿ ಬೆಳೆಸಲು ಆಗುವುದಿಲ್ಲ. ಅದಕ್ಕೆ ಬೇಕಾದದ್ದು ಆಗಷ್ಟೇ ಹುಟ್ಟಿದ ಎಳೆಯ ರಕ್ತಕಣ. ನಮ್ಮ ರಕ್ತದಲ್ಲಿ ಅಂಥವು ನೂರಕ್ಕೆ ಒಂದೋ ಎರಡೋ. ಮಲಗಿದ ರೂಪದ ಮೇಲೆ ಒಂದು ಅಣುವನ್ನು ಪರೀಕ್ಷಿಸಬೇಕಾದರೆ ಕೆಲಸ ಹೀಗೆ ಸಾಗಬೇಕು. ಚಿಕಿತ್ಸೆ ಶುರುವಾಗುವ ಮುನ್ನ, ಒಪ್ಪಿಗೆ ಪಡೆದು, ವೈವಾಕ್ಸ್ ರೋಗಿಯಿಂದ ಕೆಲವು ಮಿಲಿಲೀಟರ್ ರಕ್ತ ತೆಗೆಯಬೇಕು. ಅದನ್ನು 37 ಡಿಗ್ರಿಗಿಂತ ಕೆಳಗೆ ಇಳಿಯದಂತೆ ಹಿಡಿದಿಡಬೇಕು. ಬಿಸಿ ಕಳೆದರೆ ಗ್ಯಾಮಿಟೋಸೈಟ್‌ಗಳು ಸೊಳ್ಳೆಯ ಹೊಟ್ಟೆ ಸೇರಿದೆವೆಂದು ತಿಳಿದು ಹಾದಿಯಲ್ಲೇ ಬಿರಿಯುತ್ತವೆ, ಆ ರಕ್ತ ಕೆಲಸಕ್ಕೆ ಬಾರದು. ತೆಳು ಪೊರೆಯ ಮೂಲಕ ಪ್ರಯೋಗಾಲಯದ ಸೊಳ್ಳೆಗಳಿಗೆ ಕುಡಿಸಬೇಕು. ಆ ಸೊಳ್ಳೆಗಳನ್ನು ಸುಮಾರು 27 ಡಿಗ್ರಿಯಲ್ಲಿ, ತೇವ ಕಾಪಾಡಿ, ಸಕ್ಕರೆ ನೀರು ಕೊಟ್ಟು ಎರಡು ವಾರ ಸಾಕಬೇಕು. ಆಮೇಲೆ ಒಂದೊಂದೇ ಸೊಳ್ಳೆಯ ತಲೆಯನ್ನು ಸೂಜಿಯಿಂದ ನಾಜೂಕಾಗಿ ಎಳೆದರೆ, ಅದರ ಜೊತೆ ಜೊಲ್ಲುಗ್ರಂಥಿಗಳು ಹೊರಬರುತ್ತವೆ, ಎಳ್ಳಿಗಿಂತ ಎಷ್ಟೋ ಸಣ್ಣ, ಪಾರದರ್ಶಕ ಎಳೆಗಳು. ಅದನ್ನು ಅರೆದು ಸ್ಪೋರೋಜೋಯಿಟ್ ಎಣಿಸಿ, 384 ಗುಳಿಗಳ ತಟ್ಟೆಯಲ್ಲಿ ಮೊದಲೇ ಹರಡಿಟ್ಟ ಮನುಷ್ಯನ ಲಿವರ್ ಕೋಶಗಳ ಮೇಲೆ ಹಾಕಬೇಕು. ಗ್ರಂಥಿಯ ಜೊತೆ ಒಂದು ಶಿಲೀಂಧ್ರದ ಕಣ ಬಂದರೂ ತಟ್ಟೆಗೆ ತಟ್ಟೆಯೇ ಹಾಳು.

ಔಷಧವನ್ನು ಯಾವ ದಿನ ಹಾಕುತ್ತೇವೆ ಎಂಬುದರಲ್ಲೇ ಉತ್ತರವಿದೆ. ಮೊದಲ ದಿನವೇ ಹಾಕಿ ಪರಾವಲಂಬಿ ಸತ್ತರೆ, ಅದು ಸೋಂಕು ತಡೆಯುವ ಔಷಧ ಮಾತ್ರ. ಐದು ದಿನ ಬಿಟ್ಟು, ಅದು ಮಲಗಿ ನೆಲೆನಿಂತ ಮೇಲೆ ಹಾಕಿ ಸತ್ತರೆ ಆಗ ಮಾತ್ರ ನಮಗೆ ಬೇಕಾದ ಔಷಧ. ಮೊದಲ ಪರೀಕ್ಷೆ ಗೆದ್ದ ಎಷ್ಟೋ ಅಣುಗಳು ಎರಡನೆಯದರಲ್ಲಿ ಸೋಲುತ್ತವೆ, ಮಲಗಿದ ಜೀವಿ ತಿನ್ನುವುದೂ ಬೆಳೆಯುವುದೂ ಅಷ್ಟಕ್ಕಷ್ಟೆ, ಏಟು ಹಾಕಲು ಜಾಗವೇ ಸಿಗುವುದಿಲ್ಲ. ಇನ್ನೂ ಒಂದು ವಿಚಿತ್ರವಿದೆ. ಪ್ರೈಮಾಕ್ವಿನ್ ತಾನೇ ಔಷಧವಲ್ಲ, ನಮ್ಮ ಲಿವರ್‌ನ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಮಾರ್ಪಡಿಸಿದ ಮೇಲೆ ಕೆಲಸ ಮಾಡುತ್ತದೆ. ತಟ್ಟೆಯ ಕೋಶಗಳಲ್ಲಿ ಆ ಕಿಣ್ವ ದುರ್ಬಲವಾಗಿದ್ದರೆ ಪ್ರೈಮಾಕ್ವಿನ್ ಕೂಡ ಫೇಲ್. ಮನುಷ್ಯರಲ್ಲೂ ಹಾಗೆಯೇ, ಈ ಕಿಣ್ವ ಹುಟ್ಟಿನಿಂದಲೇ ದುರ್ಬಲವಾಗಿರುವವರಿಗೆ 14 ದಿನ ಚಾಚೂ ತಪ್ಪದೆ ನುಂಗಿದರೂ ಜ್ವರ ಮರುಕಳಿಸಬಹುದು. ಅಂಥವರನ್ನು ಮಾತ್ರೆ ಬಿಟ್ಟಿರಬೇಕೆಂದು ಗದರಿಸುವುದು ಅನ್ಯಾಯ.

ಒಂದೇ ಸಲದ ಮಾತ್ರೆ

ಆ ಇನ್ನೊಂದು ಅಣು ಟ್ಯಾಫಿನೊಕ್ವಿನ್. ಅಮೆರಿಕದ ವಾಲ್ಟರ್ ರೀಡ್ ಸಂಸ್ಥೆಯಲ್ಲಿ 1978ರಲ್ಲಿ ರೂಪುಗೊಂಡು, 2018ರ ಜುಲೈನಲ್ಲಿ ಅಲ್ಲಿ ಅನುಮತಿ ಪಡೆಯಿತು. ನಲವತ್ತು ವರ್ಷ! ಕ್ಲೋರೋಕ್ವಿನ್ ಜೊತೆ ಒಂದೇ ಸಲ 300 ಮಿಲಿಗ್ರಾಂ. ಪ್ರಮಾಣ ಗೊತ್ತುಮಾಡಿದ ಹಂತದಲ್ಲಿ ಭಾರತದ ರೋಗಿಗಳೂ ಭಾಗವಹಿಸಿದ್ದರು. ಮೂರನೇ ಹಂತದಲ್ಲಿ ಆರು ತಿಂಗಳು ಜ್ವರ ಮರುಕಳಿಸದವರು ಟ್ಯಾಫಿನೊಕ್ವಿನ್ ಗುಂಪಿನಲ್ಲಿ ಶೇ. 62.4, 14 ದಿನದ ಪ್ರೈಮಾಕ್ವಿನ್‌ನಲ್ಲಿ ಶೇ. 69.6, ಬರೀ ಕ್ಲೋರೋಕ್ವಿನ್ ಪಡೆದವರಲ್ಲಿ ಶೇ. 27.7. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಆರೇ ತಿಂಗಳಲ್ಲಿ ಮತ್ತೆ ಜ್ವರ ಬಂದ ಆ ಕೊನೆಯ ಗುಂಪನ್ನು ದಯವಿಟ್ಟು ನೆನಪಿಡಿ. ಜ್ವರ ಬಿಟ್ಟಿತೆಂದು ಪ್ರೈಮಾಕ್ವಿನ್ ಪಟ್ಟಿಯನ್ನು ಕಪಾಟಿನಲ್ಲಿಟ್ಟು ಮರೆಯುವವರು ತಾವಾಗಿ ಆ ಗುಂಪಿಗೆ ಸೇರುತ್ತಾರೆ.

ಹಾಗಾದರೆ ಎಲ್ಲರಿಗೂ ಟ್ಯಾಫಿನೊಕ್ವಿನ್ ಕೊಟ್ಟರಾಯಿತಲ್ಲ? ಅಡ್ಡ ಬರುವುದು ಜಿ6ಪಿಡಿ. ಕೆಂಪು ರಕ್ತಕಣವನ್ನು ಕಾಪಾಡುವ ಈ ಕಿಣ್ವ ಹುಟ್ಟಿನಿಂದಲೇ ಕಡಿಮೆಯಿದ್ದವರಿಗೆ ಈ ಎರಡೂ ಔಷಧಗಳು ರಕ್ತಕಣಗಳನ್ನು ಒಡೆಯುತ್ತವೆ. ಪ್ರೈಮಾಕ್ವಿನ್ ಆದರೆ ನಿಲ್ಲಿಸಿದ ಮರುದಿನಕ್ಕೆ ಮೈಯಿಂದ ಹೋಗಿರುತ್ತದೆ. ಟ್ಯಾಫಿನೊಕ್ವಿನ್ ಅರ್ಧಕ್ಕೆ ಇಳಿಯಲು ಸುಮಾರು ಹದಿನೈದು ದಿನ, ನುಂಗಿದ ಮೇಲೆ ವಾಪಸ್ ತೆಗೆಯುವಂತಿಲ್ಲ. ಆದ್ದರಿಂದ ಜಿ6ಪಿಡಿ ಶೇ. 70ಕ್ಕಿಂತ ಹೆಚ್ಚಿದೆಯೆಂದು ಅಂಕೆಯಲ್ಲಿ ಅಳೆದ ಮೇಲಷ್ಟೇ ಕೊಡಬೇಕು. ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಹಳೆಯ ಪರೀಕ್ಷೆ ಸಾಲದು. ಈ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸರಲ್ಲಿ ಒಂದೇ ಎಕ್ಸ್, ಕೊರತೆ ಇದ್ದರೆ ಎದ್ದು ಕಾಣುತ್ತದೆ. ಹೆಂಗಸರಲ್ಲಿ ಎರಡು, ಒಂದು ಕೆಟ್ಟಿದ್ದರೆ ಕಿಣ್ವ ನಡುವೆ ಎಲ್ಲೋ, ಶೇ. 30ರಿಂದ 70ರ ಮಧ್ಯೆ ಇರುತ್ತದೆ. ಹಳೆಯ ಪರೀಕ್ಷೆ ಅವರನ್ನು ಸರಿಯಾಗಿದ್ದಾರೆ ಎಂದುಬಿಡುತ್ತದೆ. ಅಳೆಯುವ ಕೈ ಯಂತ್ರಗಳು ಈಗಿವೆ: ಬೆರಳ ತುದಿಯ 10 ಮೈಕ್ರೋಲೀಟರ್ ರಕ್ತ, ಎರಡೇ ನಿಮಿಷ. ನನ್ನ ದೃಷ್ಟಿಯಲ್ಲಿ ವೈವಾಕ್ಸ್ ನಿರ್ಮೂಲನೆಯ ದಾರಿಯಲ್ಲಿ ಹೊಸ ಮಾತ್ರೆಗಿಂತ ಮೊದಲು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೇಕಾದದ್ದು ಈ ಯಂತ್ರ. ಪ್ರೈಮಾಕ್ವಿನ್ ಕೋರ್ಸನ್ನು ಏಳು ದಿನಕ್ಕೆ ಇಳಿಸುವ ದಾರಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿದೆ, ದಿನದ ಪ್ರಮಾಣ ದುಪ್ಪಟ್ಟು. ದುಪ್ಪಟ್ಟು ಎಂದಾಗ ಮತ್ತೆ ಇದೇ ಪರೀಕ್ಷೆ ಮುಂದೆ ಬರುತ್ತದೆ.

ನಮ್ಮಂಥ ಊರಿನಲ್ಲಿ ವೈವಾಕ್ಸ್ ಔಷಧದ ಪ್ರಯೋಗ ನಡೆಸುವುದು ಕಷ್ಟ. ಫಾಲ್ಸಿಪ್ಯಾರಂ ಆದರೆ 28 ಅಥವಾ 42 ದಿನ ಕಾದು, ಮತ್ತೆ ಬಂದ ಪರಾವಲಂಬಿಯ ವಂಶವಾಹಿ ಹೋಲಿಸಿ, ಹಳೆಯದೋ ಹೊಸದೋ ಹೇಳಬಹುದು. ವೈವಾಕ್ಸ್‌ನಲ್ಲಿ ಈ ಹೋಲಿಕೆ ಕೈಕೊಡುತ್ತದೆ, ಎರಡು ವರ್ಷ ಹಿಂದೆ ಮಲಗಿದ್ದ ಬೇರೆಯೇ ತಳಿ ಈಗ ಎದ್ದಿರಬಹುದು. ಆರು ತಿಂಗಳು ಬೆನ್ನುಹತ್ತಬೇಕು. ಆದರೆ ರೋಗಿಗಳಲ್ಲಿ ಅನೇಕರು ಉತ್ತರ ಕರ್ನಾಟಕದಿಂದಲೋ ಉತ್ತರ ಭಾರತದಿಂದಲೋ ಕಟ್ಟಡ ಕೆಲಸಕ್ಕೆ ಬಂದವರು. ಸ್ಲ್ಯಾಬ್ ಕೆಲಸ ಮುಗಿದರೆ ಸೈಟ್ ಬದಲಾಗುತ್ತದೆ, ಹಬ್ಬಕ್ಕೆ ಊರಿಗೆ ಹೋದರೆ ಫೋನ್ ನಂಬರೂ ಬದಲಾಗುತ್ತದೆ. ಮೂರನೇ ತಿಂಗಳಲ್ಲಿ ಕಾಣೆಯಾದ ರೋಗಿ ಗುಣವಾದರೋ ಮತ್ತೆ ಮಲಗಿದರೋ ಗೊತ್ತಾಗದೆ ಲೆಕ್ಕವೇ ಸಡಿಲವಾಗುತ್ತದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪ್ರಯೋಗಕ್ಕೆ ಸೇರುವವರಿಗೆ ಅವರ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕು. ಮಂಗಳೂರಿನಲ್ಲಿ ಹಾಗೆಂದರೆ ಕನ್ನಡ, ತುಳುವಿನಷ್ಟೇ ಹಿಂದಿ, ಬಂಗಾಳಿ, ಒಡಿಯಾ ಬಲ್ಲವರೂ ಬೇಕು. ಅರ್ಥವಾಗದ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಪ್ರಯೋಗದಿಂದ ಬಂದ ಔಷಧ ನಮಗೆ ಬೇಡ.

ತಡೆಯುವ ಔಷಧಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ರಕ್ತದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಪ್ರತಿಕಾಯಗಳ ಪ್ರಯೋಗ ಮಾಲಿಯಲ್ಲಿ ನಡೆದು, ಒಂದೇ ಡೋಸ್ 24 ವಾರ ಶೇ. 88ರಷ್ಟು ಸೋಂಕು ತಡೆಯಿತು. ಐವರ್‌ಮೆಕ್ಟಿನ್ ಕೊಟ್ಟವರ ರಕ್ತ ಕುಡಿದ ಸೊಳ್ಳೆಯೇ ಸಾಯುತ್ತದೆ. ಕೀನ್ಯಾದಲ್ಲಿ ತಿಂಗಳಿಗೊಮ್ಮೆ ಮೂರು ಸಲ ಕೊಟ್ಟಾಗ ಮಕ್ಕಳ ಸೋಂಕು ಶೇ. 26 ಇಳಿಯಿತು. ರೋಗ ವಿರಳವಾಗಿರುವ ನಮ್ಮೂರಿನಲ್ಲಿ ಊರಿಗೆ ಊರೇ ಮಾತ್ರೆ ನುಂಗುವ ಅಗತ್ಯವಿಲ್ಲ, ಟ್ಯಾಂಕಿಗೆ ಮುಚ್ಚಳ ಹಾಕುವುದು ಅದಕ್ಕಿಂತ ಅಗ್ಗ, ಅದಕ್ಕಿಂತ ಒಳ್ಳೆಯದು.

ಸಭಿಕರ ಪ್ರಶ್ನೆಗಳು

"ಪುಣೆಯಲ್ಲಿ ಮಲೇರಿಯಾ ಲಸಿಕೆ ತಯಾರಾಗುತ್ತದಂತೆ, ನಮಗೆ ಯಾಕೆ ಕೊಡುವುದಿಲ್ಲ ಡಾಕ್ಟ್ರೇ?"

ಆರ್21 ಎಂಬ ಆ ಲಸಿಕೆಯನ್ನು ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ, 2023ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡಿತು. ಅದು ಫಾಲ್ಸಿಪ್ಯಾರಂನ ಪ್ರೋಟೀನ್ ಗುರುತಿಸುವ ಲಸಿಕೆ, ಕೊಡುತ್ತಿರುವುದು ಆಫ್ರಿಕಾದ ಪುಟ್ಟ ಮಕ್ಕಳಿಗೆ. ವೈವಾಕ್ಸ್‌ನ ಪ್ರೋಟೀನ್ ಬೇರೆ, ಇಲ್ಲಿ ಅದು ಕೆಲಸಕ್ಕೆ ಬಾರದು.

"ಪಾಲೆ ಕಷಾಯ ಕುಡಿಯಲೇಬಾರದಾ?"

ಮರ ಗುರುತಿಸಬಲ್ಲ ಹಿರಿಯರು ಹಗಲಲ್ಲೇ ನೋಡಿಟ್ಟ ಮರದಿಂದ ತಂದದ್ದಾದರೆ ಹಬ್ಬದ ಪದ್ಧತಿಯಾಗಿ ಕುಡಿಯಿರಿ. ಚಳಿಜ್ವರ ಬಂದಾಗ ಅದನ್ನು ಔಷಧವೆಂದು ಕುಡಿದು ರಕ್ತಪರೀಕ್ಷೆ ಎರಡು ದಿನ ಮುಂದೂಡಬೇಡಿ. ಫಾಲ್ಸಿಪ್ಯಾರಂ ಆಗಿದ್ದರೆ ಆ ಎರಡು ದಿನವೇ ಒಂದು ಚಕ್ರ.

"ಜ್ವರ ಬಿಟ್ಟ ಮೇಲೆ ನಮ್ಮ ಸೈಟಿನ ಹುಡುಗರು ಊರಿಗೆ ಹೊರಡ್ತಾರೆ ಮಾರಾಯ್ರೆ. ಮಾತ್ರೆ ಕೊಟ್ಟು ಕಳಿಸಬಹುದಾ?"

ಕಳಿಸಬಹುದು, ಕಳಿಸಲೇಬೇಕು. ಆರೋಗ್ಯ ಕೇಂದ್ರದಲ್ಲಿ ಹೇಳಿ ಜಿ6ಪಿಡಿ ನೋಡಿಸಿ, ಉಳಿದ ದಿನಗಳ ಪ್ರೈಮಾಕ್ವಿನ್ ಎಣಿಸಿ ಕೈಗೆ ಕೊಡಿ. ಪಟ್ಟಿಯ ಹಿಂದೆ ಒಂದೊಂದು ಗುಳಿಯ ಮೇಲೂ ತಾರೀಕು ಬರೆದುಬಿಡಿ, ಓದು ಬಾರದವರಿಗೂ ಅಂಕೆ ಗೊತ್ತಿರುತ್ತದೆ. ಬರಿಹೊಟ್ಟೆಗೆ ತೆಗೆದುಕೊಂಡರೆ ಹೊಟ್ಟೆ ಹಿಂಡುತ್ತದೆ, ಅದೇ ಕಾರಣಕ್ಕೆ ಬಹಳ ಜನ ನಾಲ್ಕನೇ ದಿನ ಬಿಡುತ್ತಾರೆ. ಊಟವಾದ ಮೇಲೆ ನುಂಗಲು ಹೇಳಿ. ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆಸ್ಪತ್ರೆಗೆ ಫೋನ್ ಮಾಡಬೇಕು, ಆ ಹೊತ್ತಿನದನ್ನು ಮತ್ತೆ ಕೊಡಬೇಕಾಗಬಹುದು. ಮೂತ್ರ ಹಾಲಿಲ್ಲದ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ನಾಲ್ಕು ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಮಾತ್ರೆ ಅಲ್ಲಿಗೇ ನಿಲ್ಲಿಸಿ, ಅದೇ ಪಟ್ಟಿ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನು ಬಸ್ ಹತ್ತುವ ಮುನ್ನ ಅವನ ಭಾಷೆಯಲ್ಲಿ ಹೇಳಿ, ಹೇಳಿದ್ದನ್ನು ಅವನ ಬಾಯಿಂದ ಒಮ್ಮೆ ಹೇಳಿಸಿ.